ಅಕ್ಕ ಕುಡಿಯುತ್ತಿದ್ದ ಲಿಂಗನ್‌ಬೆರಿ

ಐನ್ ಖಾಲಿದ್, ಮೊದಲ ಬೆಳಿಗ್ಗೆ

ಕತಾರಿನಲ್ಲಿ ನಾನು ತಿಂದ ಮೊದಲ ತಿಂಡಿ ಬ್ರೆಡ್ಡು ಮತ್ತು ಕರಂಡೆ ಹಣ್ಣಿನ ಜಾಮು ಎಂದು ನಂಬಿದ್ದೆ. ಅದೇ ಕಡುಗೆಂಪು, ಅದೇ ಹುಳಿ, ಕೊನೆಯಲ್ಲಿ ನಾಲಿಗೆಗೆ ಹತ್ತುವ ಅದೇ ಒಗರು. ಕಾರ್ಕಳದ ಗುಡ್ಡದ ಹಣ್ಣು ಇಲ್ಲಿಗೆ ಹೇಗೆ ಬಂತೆಂದು ಶಾರದಕ್ಕನನ್ನು ಕೇಳಿದೆ.

"ಕರಂಡೆ ಅಲ್ಲ ಮಾರಾಯ್ತಿ, ಲಿಂಗನ್‌ಬೆರಿ ಅಂತ ಇದಕ್ಕೆ. ಫಿನ್ಲೆಂಡಿನದ್ದು. ಪಕ್ಕದ ಮನೆಯ ಹಿಲ್ಕಾ ಕೊಟ್ಟದ್ದು" ಎಂದಳು ಅಕ್ಕ.

ಶಾರದಕ್ಕ ನನಗಿಂತ ಆರು ವರ್ಷ ದೊಡ್ಡವಳು. ಮದುವೆಯಾಗಿ ಭಾವನ ಜೊತೆ ದೋಹಾಕ್ಕೆ ಬಂದು ಇಪ್ಪತ್ತೆಂಟು ವರ್ಷವಾಯಿತು. ಭಾವ ಒಂದು ಕಂಪನಿಯ ಆಫೀಸಿನಲ್ಲಿದ್ದಾರೆ. ನಾನು ಕಾರ್ಕಳದ ಹತ್ತಿರ ಸಣ್ಣದೊಂದು ನರ್ಸರಿ ನಡೆಸುತ್ತೇನೆ. ಮಲ್ಲಿಗೆ ಗಿಡ, ಕಸಿ ಮಾವು, ಕಾಳುಮೆಣಸಿನ ಬಳ್ಳಿ ಇವುಗಳನ್ನು ಬಿಟ್ಟು ಎಲ್ಲಿಗೂ ಹೋಗಲಾರದವಳು, ಈ ನವೆಂಬರಿನಲ್ಲಿ ಅಕ್ಕ ಎರಡು ಸಲ ಫೋನ್ ಮಾಡಿ "ಒಮ್ಮೆ ಬಂದು ಹೋಗು" ಎಂದದ್ದಕ್ಕೆ ನಾಲ್ಕು ವಾರದ ಮಟ್ಟಿಗೆ ಹೊರಟಿದ್ದೆ. ನಾವಿಬ್ಬರೂ ಆಡಿದ್ದು ತುಳು. ಇಲ್ಲಿ ಬರೆಯುವಾಗ ಕನ್ನಡ ಮಾಡಿಕೊಂಡಿದ್ದೇನೆ.

ಜಾಮಿನ ಪಕ್ಕದಲ್ಲಿ ಅದೇ ಹಣ್ಣಿನ ಶರಬತ್ತಿನ ಬಾಟಲಿಯೂ ಇತ್ತು. ಅಕ್ಕ ದೊಡ್ಡ ಗ್ಲಾಸಿನಲ್ಲಿ ಅದನ್ನು ನೀರಿಗೆ ಬೆರೆಸಿ, ಔಷಧಿ ಕುಡಿದ ಹಾಗೆ ಒಂದೇ ಉಸಿರಿಗೆ ಕುಡಿದಳು.

"ಇದು ಎಂತಕ್ಕೆ?"

"ಒಂದು ತಿಂಗಳ ಹಿಂದೆ ಸ್ವಲ್ಪ ಉರಿಮೂತ್ರ ಆಗಿತ್ತು. ಇದು ಕುಡಿದ ಮೇಲೆ ಹೋಯಿತು. ಒಳ್ಳೆಯದಂತೆ" ಎಂದು ಸಣ್ಣ ದನಿಯಲ್ಲಿ ಹೇಳಿ, ಅಡುಗೆಮನೆಯ ಕಡೆ ನೋಡಿ, "ಭಾವನ ಹತ್ತಿರ ಹೇಳಬೇಡ" ಎಂದಳು.

ನಾನು ತಲೆಯಾಡಿಸಿ ಬಾಟಲಿಯ ಮೇಲಿನ ಚಿತ್ರ ನೋಡತೊಡಗಿದೆ. ದಪ್ಪ, ಮಿರುಗುವ ಸಣ್ಣ ಎಲೆ. ಗೊಂಚಲು ಗೊಂಚಲು ಕೆಂಪು ಹಣ್ಣು. ಎಲೆ ಉದುರಿಸುವ ಜಾತಿ ಅಲ್ಲ ಎಂದು ನೋಡಿದ ಕೂಡಲೇ ಅನ್ನಿಸಿತು. ಮಣ್ಣು ಯಾವುದು, ನೆರಳು ಬೇಕೋ ಬಿಸಿಲೋ, ಕಡ್ಡಿ ನೆಟ್ಟರೆ ಬರುತ್ತದೋ? ಭಾವ ಚಾ ಹಿಡಿದುಕೊಂಡು ಬರುವಷ್ಟರಲ್ಲಿ ನನ್ನ ತಲೆಯಲ್ಲಿ ಗಿಡವೇ ತುಂಬಿತ್ತು.

ಪಕ್ಕದ ಮನೆಯ ಫ್ರಿಜ್ಜು

ಅಕ್ಕನ ಮನೆ ಇರುವುದು ಐನ್ ಖಾಲಿದ್ ಬಡಾವಣೆಯಲ್ಲಿ, ಒಂದೇ ಗೋಡೆಯೊಳಗಿನ ಎಂಟು ಮನೆಗಳ ಕಾಂಪೌಂಡಿನಲ್ಲಿ. ಗೋಡೆಯ ಉದ್ದಕ್ಕೂ ಯಾರೋ ಕೆಂಪು ಗೊಂಚಲು ಹೂವಿನ ಕೇಪಳದ ಗಿಡ ಸಾಲಾಗಿ ನೆಟ್ಟಿದ್ದಾರೆ. ನಮ್ಮೂರಿನಲ್ಲಿ ಯಾರೂ ನೀರು ಹಾಕದೆ ಬೆಳೆಯುವ ಕೇಪಳ ಇಲ್ಲಿ ಹನಿ ನೀರಾವರಿಯಲ್ಲಿಯೂ ಸೊರಗಿ ನಿಂತಿತ್ತು. ಎಲೆ ಹಳದಿ, ನರ ಮಾತ್ರ ಹಸಿರು.

ಮಾರನೆಯ ದಿನ ಅಕ್ಕ ನನ್ನನ್ನು ಹಿಲ್ಕಾಳ ಮನೆಗೆ ಕರೆದುಕೊಂಡು ಹೋದಳು. ಹಿಲ್ಕಾ ಅರವತ್ತರ ಆಸುಪಾಸಿನ ಉದ್ದನೆಯ ಹೆಂಗಸು, ಬೆಳ್ಳಿ ಕೂದಲು. ಗಂಡ ಎಂಜಿನಿಯರ್. ಅವಳ ಇಂಗ್ಲಿಷ್ ನಿಧಾನ, ನನ್ನದು ಇನ್ನೂ ನಿಧಾನ, ಹಾಗಾಗಿ ಮಾತು ಚೆನ್ನಾಗಿ ಸಾಗಿತು. ಅವಳು ಒಮ್ಮೆ ಮಾತು ನಿಲ್ಲಿಸಿದರೆ ಅರ್ಧ ನಿಮಿಷ ಸುಮ್ಮನೆ ಕೂರುತ್ತಾಳೆ. ಮೊದಲು ನನಗೆ ಏನೋ ತಪ್ಪು ಮಾತಾಡಿದೆನೆಂಬ ಗಾಬರಿಯಾಯಿತು. "ಅವಳು ಹಾಗೆಯೇ. ನಮ್ಮ ಹಾಗೆ ಖಾಲಿ ಜಾಗ ತುಂಬಿಸಲಿಕ್ಕೆ ಮಾತಾಡುವುದಿಲ್ಲ" ಎಂದಳು ಅಕ್ಕ.

ನಾನು ಗಿಡದವಳು ಎಂದು ತಿಳಿದ ಮೇಲೆ ಹಿಲ್ಕಾ ಎದ್ದು ಸ್ಟೋರ್ ರೂಮಿನ ಬಾಗಿಲು ತೆರೆದಳು. ಒಳಗೆ ಅಂಗಡಿಗಳಲ್ಲಿ ತಂಪು ಪಾನೀಯ ಇಡುವಂಥ ಗಾಜಿನ ಬಾಗಿಲಿನ ಫ್ರಿಜ್ಜು. ಅದರೊಳಗೆ, ಬಾಟಲಿಗಳು ನಿಲ್ಲಬೇಕಾದಲ್ಲಿ, ಐದು ಕುಂಡಗಳು. ಗೇಣುದ್ದದ ಐದು ಲಿಂಗನ್‌ಬೆರಿ ಗಿಡಗಳು ದೀಪದ ಬೆಳಕಿನಲ್ಲಿ ಕುಳಿತಿದ್ದವು.

"ಇವುಗಳಿಗೆ ಚಳಿಗಾಲ ಬೇಕು. ಚಳಿಯಲ್ಲಿ ಮಲಗಿ ಎದ್ದರೆ ಮಾತ್ರ ಹೂವು. ಇಲ್ಲಿ ಚಳಿಗಾಲ ಇಲ್ಲ, ಅದಕ್ಕೆ ನಾನೇ ಕೊಂಡುಕೊಂಡೆ" ಎಂದಳು.

ಅವಳ ಊರಿನಲ್ಲಿ ಇದನ್ನು ಯಾರೂ ನೆಡುವುದಿಲ್ಲವಂತೆ. ಪೈನ್ ಕಾಡಿನ ಅಡಿಯಲ್ಲಿ ನೆಲದುದ್ದಕ್ಕೂ ತಾನೇ ಹಬ್ಬಿಕೊಳ್ಳುತ್ತದೆ. ಕಾಡು ಯಾರದ್ದೇ ಆಗಿರಲಿ, ಹಣ್ಣು ಕೊಯ್ಯುವ ಹಕ್ಕು ಎಲ್ಲರಿಗೂ ಉಂಟು. ಸೆಪ್ಟೆಂಬರಿನಲ್ಲಿ ಬಾಚಣಿಗೆಯ ಹಲ್ಲಿರುವ ಮೊರದಂಥ ಸಾಧನದಿಂದ ಬಾಚಿ ಬಕೆಟ್ಟು ತುಂಬಿಸುತ್ತಾರೆ. ಕೆಲವು ದೇಶಗಳಲ್ಲಿ ಈಗ ತೋಟ ಮಾಡಿಯೂ ಬೆಳೆಯುತ್ತಾರೆ, ಆದರೆ ಹಿಲ್ಕಾಳಿಗೆ ಕಾಡಿನದ್ದೇ ರುಚಿ. ಇವನ್ನು ಅವಳು ಬೀಜದಿಂದ ಎಬ್ಬಿಸಿ ನಾಲ್ಕು ವರ್ಷವಾಗಿತ್ತು. ಹೋದ ವರ್ಷ ಹೂವಿನಿಂದ ಹೂವಿಗೆ ಬಣ್ಣದ ಕುಂಚ ತಾಗಿಸಿ ಒಂಬತ್ತು ಹಣ್ಣು ಕಂಡಳು. ಇಷ್ಟೆಲ್ಲ ಯಾಕೆ ಎಂದು ಕೇಳಿದೆ.

"ಆಗುವುದಿಲ್ಲ ಅಂತ ಗಂಡ ಹೇಳಿದ್ದ."

ನಾನು ಒಂದು ಕುಂಡವನ್ನು ಹೊರಗೆ ತೆಗೆದು ಬೆಳಕಿಗೆ ಹಿಡಿದೆ. ಎಲೆ ಹಳದಿ, ನರ ಮಾತ್ರ ಹಸಿರು. ಹೊರಗಿನ ಕೇಪಳದ್ದೇ ಕಾಯಿಲೆ. ಎರಡೂ ಹುಳಿ ಮಣ್ಣಿನ ಗಿಡಗಳು. ಸುಣ್ಣದ ಅಂಶ ಹೆಚ್ಚಾದರೆ ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಬೇರು ಅದನ್ನು ಹೀರಲಾರದು. ನಮ್ಮ ಕೆಂಪು ಮುರಕಲ್ಲಿನ ನೆಲವೇ ಹುಳಿ, ಅದಕ್ಕೆ ಅಲ್ಲಿ ಕೇಪಳ ಸುಖವಾಗಿದೆ.

"ನೀರು ಯಾವುದು ಹಾಕುತ್ತೀರಿ?"

"ನಲ್ಲಿಯದ್ದು."

ಇಲ್ಲಿನ ನಲ್ಲಿ ನೀರೆಂದರೆ ಸಮುದ್ರದ ನೀರನ್ನು ಸಿಹಿ ಮಾಡಿ, ಮತ್ತೆ ಖನಿಜ ಬೆರೆಸಿ ಕಳಿಸಿದ್ದು. ಕಿಟಕಿಯ ಹೊರಗೆ ಎಸಿಯ ಕೊಳವೆಯಿಂದ ಹನಿ ಹನಿ ನೀರು ಬಿದ್ದು ಗೋಡೆ ಪಾಚಿಗಟ್ಟಿತ್ತು. ಗಾಳಿಯಿಂದ ಇಳಿದ ನೀರು, ಅದರಲ್ಲಿ ಸುಣ್ಣವಿಲ್ಲ. ನಾನು ಅಲ್ಲಿ ಒಂದು ಬಕೆಟ್ಟು ಇಟ್ಟೆ. ಹಿಲ್ಕಾ ಅರ್ಧ ನಿಮಿಷ ಆ ಬಕೆಟ್ಟನ್ನೇ ನೋಡಿದಳು. "ನಾಲ್ಕು ವರ್ಷ ಈ ಹನಿಯ ಶಬ್ದಕ್ಕೆ ಬೈದಿದ್ದೇನೆ" ಎಂದಳು.

ಓಲ್ಡ್ ಏರ್‌ಪೋರ್ಟ್, ಹಮೀದರ ಅಂಗಡಿ

ಮೂರನೆಯ ದಿನದ ಹೊತ್ತಿಗೆ ನಾನು ಫೋನಿನಲ್ಲಿ ಲಿಂಗನ್‌ಬೆರಿಯ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದ್ದೆ. ಸಿ ಜೀವಸತ್ವ ಉಂಟು, ಕೆಂಪು ಬಣ್ಣ ಕೊಡುವ ಅಂಶಗಳು ಉರಿಯೂತಕ್ಕೆ ಒಳ್ಳೆಯದಿರಬಹುದು, ಮೂತ್ರಕೋಶಕ್ಕೆ ಹಿತವಿರಬಹುದು, ಸಕ್ಕರೆ ಕಾಯಿಲೆಗೂ ಒಂದಿಷ್ಟು ಸಹಾಯವಿರಬಹುದು. ಪ್ರತಿಯೊಂದರ ಹಿಂದೆಯೂ ಒಂದು 'ಬಹುದು' ಇತ್ತು. ಅಕ್ಕನಿಗೆ ಓದಿ ಹೇಳುವಾಗ ನಾನು ಆ 'ಬಹುದು'ಗಳನ್ನು ನುಂಗಿಬಿಟ್ಟೆ. ನಮ್ಮೂರಿನಲ್ಲಿ ಪುನರ್ಪುಳಿ ಹಣ್ಣಿನ ಶರಬತ್ತಿನ ಬಗ್ಗೆ ಹೇಳುವುದೂ ಹೀಗೆಯೇ; ಪಿತ್ತದಿಂದ ಹಿಡಿದು ಹೃದಯದವರೆಗೆ ಅದು ಮುಟ್ಟದ ಅಂಗವಿಲ್ಲ.

"ಹಾಗಾದರೆ ಮಧ್ಯಾಹ್ನಕ್ಕೂ ಒಂದು ಗ್ಲಾಸ್ ಕುಡಿಯುತ್ತೇನೆ" ಎಂದಳು ಅಕ್ಕ. ಬೆರೆಸಿ ಕೊಟ್ಟವಳು ನಾನೇ. ಸಂಜೆಗೂ ಒಂದು ಕೊಟ್ಟೆ.

ಬಾಟಲಿ ಬೇಗ ಮುಗಿಯಿತು. ಭಾವ ಓಲ್ಡ್ ಏರ್‌ಪೋರ್ಟ್ ಎಂಬ ಬಡಾವಣೆಯ ಕಡೆ ಹೊರಟಿದ್ದರು. ನಾನೂ ಜೊತೆಗೆ ಹೋಗಿ, ಅವರು ಬ್ಯಾಂಕಿನ ಕೆಲಸ ಮುಗಿಸುವವರೆಗೆ ಹಮೀದರ ದಿನಸಿ ಅಂಗಡಿಯಲ್ಲಿ ಉಳಿದುಕೊಂಡೆ. ಹಮೀದರು ಉಪ್ಪಿನಂಗಡಿಯ ಕಡೆಯ ಬ್ಯಾರಿಗಳು. ಕುಚ್ಚಲಕ್ಕಿ, ಬೆಲ್ಲ, ಗೆಣಸು, ಬಾಳೆ ಎಲೆ, ಎಲ್ಲವೂ ಅವರಲ್ಲಿ ಸಿಗುತ್ತದೆ.

"ಲಿಂಗನ್ ಉಂಟಾ?" ಎಂದು ಕೇಳಿದೆ.

"ಲುಂಗಿ ಮಾಫಿ, ಇಲ್ಲಿ ಇಲ್ಲ ಅಕ್ಕಾ. ಆ ಮೂಲೆಯಲ್ಲಿ ಬಟ್ಟೆ ಅಂಗಡಿ ಉಂಟು, ಅಲ್ಲಿ ಕೇಳಿ."

ಲುಂಗಿಯಲ್ಲ, ಹಣ್ಣು ಎಂದು ವಿವರಿಸಿದೆ. ಕೆಂಪಗೆ, ಸಣ್ಣಗೆ, ಹುಳಿ. ಅವರು ಒಳಗೆ ಹೋಗಿ ಒಂದೊಂದಾಗಿ ತಂದಿಟ್ಟರು: ಕರಂಡೆ ಉಪ್ಪಿನಕಾಯಿ, ಪುನರ್ಪುಳಿಯ ಸಿಪ್ಪೆ, ದಾಳಿಂಬೆಯ ರಸ. ನಾನು ತಲೆಯಾಡಿಸುತ್ತ ಹೋದ ಹಾಗೆ ಅವರಿಗೂ ಕುತೂಹಲ ಹುಟ್ಟಿತು.

"ಎಂತಕ್ಕೆ ಅದು? ಮದ್ದಿಗಾ?"

"ಹೌದು, ಅಕ್ಕನಿಗೆ."

"ಮದ್ದು ಬೇಕಾದರೆ ಎದುರಿಗೇ ಫಾರ್ಮಸಿ ಉಂಟಲ್ಲ. ನನ್ನ ಹತ್ತಿರ ಇರುವುದು ಊಟದ ಸಾಮಾನು" ಎಂದರು ಹಮೀದರು. ನಾನು ನಕ್ಕುಬಿಟ್ಟೆ. ಭಾವ ಬಂದ ಮೇಲೆ ದೊಡ್ಡದೊಂದು ಅಂಗಡಿಗೆ ಹೋಗಿ ಎರಡು ಬಾಟಲಿ ಹುಡುಕಿ ತಂದೆ.

ಹಿಲ್ಕಾಳ ಅಡುಗೆಮನೆ

ಒಂದು ಮಧ್ಯಾಹ್ನ ಹಿಲ್ಕಾ ಆ ಹಣ್ಣಿನ ಅಡುಗೆ ತೋರಿಸಲು ಕರೆದಳು. ರಜೆಯಿಂದ ಬರುವಾಗ ಊರಿನಿಂದ ತಂದ ಹಣ್ಣು ಅವಳ ಹತ್ತಿರ ಒಂದು ಗಾಜಿನ ಭರಣಿಯಲ್ಲಿತ್ತು. ಬರೀ ನೀರಿನಲ್ಲಿ ಮುಳುಗಿಸಿಟ್ಟಿದ್ದು. ಉಪ್ಪಿಲ್ಲ, ಸಕ್ಕರೆಯಿಲ್ಲ, ಕುದಿಸಿದ್ದೂ ಅಲ್ಲ. ಮಿಡಿ ಮಾವು ಕೆಡದಿರಲು ನಾವು ಎಷ್ಟು ಉಪ್ಪು ಸುರಿಯುತ್ತೇವೆ ಎಂದು ನೆನೆದು ಆಶ್ಚರ್ಯಪಟ್ಟೆ. ಹಣ್ಣಿನಲ್ಲಿಯೇ ಕೆಡದಂತೆ ಕಾಯುವ ಹುಳಿಯೊಂದು ಉಂಟಂತೆ. ತಂಪಿನಲ್ಲಿಟ್ಟರೆ ತಿಂಗಳುಗಟ್ಟಲೆ ಹಾಗೆಯೇ ಇರುತ್ತದೆ.

ಅವಳು ಹಣ್ಣನ್ನು ನೀರಿನಲ್ಲಿ ಬೇಯಿಸಿ, ಸಕ್ಕರೆ ಹಾಕಿ, ಬಿಳಿಯದೊಂದು ಪುಡಿಯನ್ನು ಸುರಿಯುತ್ತ ತಿರುವಿದಳು. ಮುಟ್ಟಿ ನೋಡಿದೆ: ನಮ್ಮ ರವೆ. ಆ ಕೆಂಪು ಸಜ್ಜಿಗೆ ತಣಿದ ಮೇಲೆ ಯಂತ್ರದಿಂದ ಕಡೆಯುತ್ತ ಹೋದಳು. ನೋಡನೋಡುತ್ತ ಅದು ನೊರೆಯುಬ್ಬಿ ತಿಳಿ ಗುಲಾಬಿಯಾಯಿತು. ಮೇಲೆ ತಣ್ಣನೆಯ ಹಾಲು. ಸಜ್ಜಿಗೆಯನ್ನು ಬಿಸಿಬಿಸಿ ತಿಂದು ಗೊತ್ತಿದ್ದ ನನಗೆ ಮೊದಲ ಚಮಚ ವಿಚಿತ್ರವೆನಿಸಿತು. ಮೂರನೆಯದರ ಹೊತ್ತಿಗೆ ಬಟ್ಟಲು ಕೆರೆಯುತ್ತಿದ್ದೆ. ಅವರಲ್ಲಿ ಈ ಹಣ್ಣು ಪಾಯಸಕ್ಕೂ ಹೌದು, ಆಲೂಗಡ್ಡೆಗೂ ಹೌದು, ಮಾಂಸದ ಪಕ್ಕಕ್ಕೂ ಹೌದು. ಎಲೆ ಒಣಗಿಸಿ ಚಾ ಮಾಡುವವರೂ ಇದ್ದಾರಂತೆ.

"ಮದ್ದಿಗೂ ಹೌದಲ್ಲ?" ಎಂದೆ.

"ಗಂಟಲು ನೋಯುವಾಗ ಅಮ್ಮ ಬಿಸಿ ರಸ ಕೊಡುತ್ತಿದ್ದಳು. ಜ್ವರ ಬಂದರೆ ಡಾಕ್ಟರನ್ನು ಕರೆಸುತ್ತಿದ್ದಳು" ಎಂದಳು ಹಿಲ್ಕಾ.

ಅಕ್ಕ ಬಟ್ಟಲನ್ನು ಅರ್ಧಕ್ಕೇ ಬಿಟ್ಟಿದ್ದಳು. ಬೆನ್ನು ನೋವು, ನಿನ್ನೆ ಬಟ್ಟೆ ಒಗೆದದ್ದಕ್ಕೆ ಇರಬೇಕು ಎಂದಳು. ನಾನು ಹೌದೆಂದುಕೊಂಡೆ. ಅವಳ ಮನೆಯಲ್ಲಿ ಬಟ್ಟೆ ಒಗೆಯುವುದು ಯಂತ್ರ ಎಂಬುದು ನನಗೆ ಆಗ ಹೊಳೆಯಲಿಲ್ಲ.

ಅಲ್ ರಯ್ಯಾನ್

ಎರಡನೆಯ ವಾರ, ಹಿಲ್ಕಾಳ ಗಿಡಗಳಿಗೆ ಹುಳಿ ಮಣ್ಣು ತರಲು ಅಲ್ ರಯ್ಯಾನ್‌ನ ಒಂದು ಸಸಿ ಅಂಗಡಿಗೆ ಹೊರಟೆವು. ಹಿಲ್ಕಾ ಕಾರು ಓಡಿಸಿದಳು. ಅಕ್ಕ ಬೇಡವೆಂದರೂ ನಾನು ಬಿಡದೆ ಎಬ್ಬಿಸಿಕೊಂಡು ಹೋಗಿದ್ದೆ.

ಅಂಗಡಿ ನೋಡಿ ನನಗೆ ಹಬ್ಬ. ಖರ್ಜೂರದ ಸಸಿ, ಬೋಗನ್‌ವಿಲ್ಲಾ, ನಮ್ಮ ಕರಿಬೇವು ಕೂಡ. ಕೆಲಸದವನು ಕೇರಳದವನು. "ಪೀಟ್" ಎಂದಾಗ ಜೌಗುನೆಲದ ಪಾಚಿ ಕೊಳೆತು ಆದ ಕಪ್ಪು ಮಣ್ಣಿನ ಚೀಲ ತೋರಿಸಿದ. ಗೊಬ್ಬರ ಬೆರೆಸದ್ದೇ ಬೇಕೆಂದು ನಾನು ಹಟ ಹಿಡಿದೆ. ಬಡ ಮಣ್ಣಿನಲ್ಲಿ ಬೆಳೆಯುವ ಗಿಡಕ್ಕೆ ಗೊಬ್ಬರವೇ ಕಂಟಕ. ಬೇರು ಎಷ್ಟು ಮೇಲೆ ಹರಡುತ್ತದೆ, ಕುಂಡ ಎಷ್ಟು ಅಗಲವಿರಬೇಕು ಎಂದು ಹಿಲ್ಕಾಳ ಜೊತೆ ವಾದಿಸುತ್ತಿದ್ದಾಗ ತಿರುಗಿ ನೋಡಿದರೆ ಅಕ್ಕ ಇಲ್ಲ.

ಅವಳು ಕಾರಿನೊಳಗೆ ಕುಳಿತಿದ್ದಳು. ಹೊರಗೆ ಚುರುಕು ಬಿಸಿಲು, ಎಂಜಿನ್ ಆಫ್, ಗಾಜು ಏರಿಸಿತ್ತು. ಅಷ್ಟಾದರೂ ಅವಳು ಸೆರಗನ್ನು ಎರಡು ಸುತ್ತು ಹೊದ್ದು ನಡುಗುತ್ತಿದ್ದಳು. ಹಲ್ಲು ಕಟಕಟ ಎನ್ನುತ್ತಿತ್ತು.

"ಎಂತ ಆಯಿತು ಅಕ್ಕ?"

"ಏನಿಲ್ಲ. ಎಸಿ ಹೆಚ್ಚಾಯಿತು."

ಹಿಲ್ಕಾ ನನ್ನ ಹಿಂದಿನಿಂದ ಕೈ ಚಾಚಿ ಅಕ್ಕನ ಹಣೆ ಮುಟ್ಟಿದಳು. ಆಮೇಲೆ ಅವಳ ಬೆನ್ನಿನ ಒಂದು ಪಕ್ಕದಲ್ಲಿ, ಪಕ್ಕೆಲುಬಿನ ಕೆಳಗೆ, ಅಂಗೈಯಿಟ್ಟು ಮೆಲ್ಲಗೆ ಒತ್ತಿದಳು. ಅಕ್ಕ ಕಣ್ಣು ಮುಚ್ಚಿ ಉಸಿರು ಹಿಡಿದಳು.

"ಎಷ್ಟು ದಿನದಿಂದ?" ಹಿಲ್ಕಾ ಕೇಳಿದಳು.

ಅಕ್ಕ ಸೆರಗನ್ನು ಇನ್ನಷ್ಟು ಬಿಗಿದುಕೊಂಡಳು. ಹಿಲ್ಕಾ ಎಂದಿನಂತೆ ಅರ್ಧ ನಿಮಿಷ ಕಾಯಲೂ ಇಲ್ಲ. ಮಣ್ಣಿನ ಚೀಲವನ್ನು ಅಂಗಡಿಯಲ್ಲೇ ಬಿಟ್ಟು ಕಾರು ತಿರುಗಿಸಿದಳು. ದಾರಿಯಲ್ಲಿ ಅಕ್ಕ ಎರಡು ಸಲ ವಾಂತಿ ಮಾಡಿಕೊಂಡಳು. ಬಂದದ್ದು ಕೆಂಪು ನೀರು. ರಕ್ತವೆಂದುಕೊಂಡೆ. ಆಮೇಲೆ ವಾಸನೆಯಿಂದ ಗೊತ್ತಾಯಿತು, ಬೆಳಿಗ್ಗೆ ನಾನೇ ಬೆರೆಸಿಕೊಟ್ಟ ಶರಬತ್ತು.

ಆಸ್ಪತ್ರೆ

ಡಾಕ್ಟರು ಸುಡಾನಿನ ಹೆಂಗಸು, ತಲೆಗೆ ಬೂದು ಬಣ್ಣದ ವಸ್ತ್ರ, ಸಮಾಧಾನದ ಮುಖ. ಅಷ್ಟರಲ್ಲಿ ಭಾವನೂ ಆಫೀಸಿನಿಂದ ಓಡಿ ಬಂದಿದ್ದರು. ಅವರು ಇಂಗ್ಲಿಷಿನಲ್ಲಿ ಹೇಳಲು ಶುರು ಮಾಡಿದಾಗ ಡಾಕ್ಟರು ಕೈಯೆತ್ತಿ ನಿಲ್ಲಿಸಿ, "ಇವರೇ ಹೇಳಲಿ. ನೀವು ಹೊರಗೆ ಕುಳಿತಿರಿ" ಎಂದರು. ಮಲಯಾಳಿ ನರ್ಸ್ ಅಕ್ಕನ ಕೈ ಹಿಡಿದು ಹಿಂದಿಯಲ್ಲಿ, "ಚೇಚಿ, ಎಲ್ಲ ಹೇಳಿ. ಇಲ್ಲಿ ಬರೀ ಹೆಂಗಸರು" ಎಂದಳು.

ಅಕ್ಕ ಹೇಳಿದಳು, ನರ್ಸ್ ಅದನ್ನು ಇಂಗ್ಲಿಷಿಗೆ ಮಾಡುತ್ತ ಹೋದಳು. ಉರಿ ಶುರುವಾಗಿ ಒಂದಲ್ಲ, ನಾಲ್ಕು ತಿಂಗಳು. ಮೂರು ಸಲ ಬಂದಿತ್ತು. ಎರಡು ಸಲ ಮನೆಯಲ್ಲಿ ಉಳಿದಿದ್ದ ಹಳೆಯ ಮಾತ್ರೆ ಎರಡೆರಡು ನುಂಗಿದ್ದಳು. ಈ ಸಲ ಬರೀ ಶರಬತ್ತು. ರಾತ್ರಿ ಐದಾರು ಸಲ ಏಳುವುದು, ಬಾಯಾರಿಕೆ, ಬೆನ್ನು ನೋವು, ಮೂರು ದಿನದಿಂದ ಜ್ವರ. ಅದೇ ಮನೆಯಲ್ಲಿ ಪಕ್ಕದ ಕೋಣೆಯಲ್ಲಿ ಮಲಗಿದ್ದ ನಾನು ಇದನ್ನೆಲ್ಲ ಮೊದಲ ಬಾರಿಗೆ ಕೇಳುತ್ತಿದ್ದೆ. ಆ ಗಿಡದ ಬಗ್ಗೆ ನಾನು ಕೇಳಿದ ಪ್ರಶ್ನೆಗಳ ಕಾಲು ಭಾಗವನ್ನೂ ಅಕ್ಕನ ಬಗ್ಗೆ ಕೇಳಿರಲಿಲ್ಲ.

ಸೋಂಕು ಮೂತ್ರಪಿಂಡಕ್ಕೆ ಏರಿತ್ತು. ರಕ್ತದಲ್ಲಿ ಸಕ್ಕರೆಯೂ ಜಾಸ್ತಿ ಇತ್ತು. ಅದು ಎಷ್ಟು ಕಾಲದಿಂದ ಇತ್ತೋ ಯಾರಿಗೂ ಗೊತ್ತಿಲ್ಲ. ನಾನು ಶರಬತ್ತಿನ ವಿಷಯ ಹೇಳಿ, ಹಣ್ಣೇ ತಪ್ಪು ಮಾಡಿತೇ ಎಂದು ಕೇಳಿದೆ.

"ಹಣ್ಣಿನ ಮೇಲೆ ನನಗೇನೂ ಸಿಟ್ಟಿಲ್ಲ" ಎಂದರು ಡಾಕ್ಟರು. "ಒಳ್ಳೆಯ ಆಹಾರ. ಸೋಂಕು ಮತ್ತೆ ಮತ್ತೆ ಬಾರದಂತೆ ಇಂಥ ಹಣ್ಣುಗಳು ಕೆಲವರಿಗೆ ಸ್ವಲ್ಪ ಸಹಾಯ ಮಾಡಬಹುದು. ಅದೂ ಖಚಿತವಿಲ್ಲ. ಆದರೆ ಬಂದು ಕುಳಿತ ಸೋಂಕನ್ನು ಅದು ಓಡಿಸುವುದಿಲ್ಲ. ಇನ್ನು ಬಾಟಲಿಯಲ್ಲಿ ಇರುವುದು ಹೆಚ್ಚಾಗಿ ಸಕ್ಕರೆ. ಇನ್ನೆರಡು ದಿನ ಬಿಟ್ಟು ಬಂದಿದ್ದರೆ ನಾವು ಬೇರೆ ಮಾತು ಆಡಬೇಕಾಗುತ್ತಿತ್ತು."

ಹೊರಗೆ ಭಾವ ಕುರ್ಚಿಯ ತುದಿಯಲ್ಲಿ ಕುಳಿತಿದ್ದರು. "ನನ್ನ ಹತ್ತಿರ ಯಾಕೆ ಹೇಳಲಿಲ್ಲ ಅವಳು?" ಎಂದರು.

ಅಕ್ಕ ಆಗಷ್ಟೇ ನನಗೆ ಹೇಳಿದ್ದನ್ನು ನಾನು ಅವರಿಗೆ ಹೇಳಿದೆ. "ಹಿಂದೊಮ್ಮೆ ಇದೇ ತೊಂದರೆಗೆ ಕ್ಲಿನಿಕ್ಕಿಗೆ ಹೋಗಿದ್ದಿರಂತೆ. ಗಂಡಸು ಡಾಕ್ಟರು. ಇವಳಿಗೆ ಎಲ್ಲಿ ಉರಿ, ಹೇಗೆ ಉರಿ ಅಂತ ನೀವೇ ನಿಂತು ಹೇಳಿದಿರಂತೆ. ಬಾಗಿಲೂ ತೆರೆದಿತ್ತಂತೆ."

"ಅವಳಿಗೆ ಇಂಗ್ಲಿಷ್ ಕಷ್ಟ ಅಂತ ನಾನು..." ಎಂದು ನಿಲ್ಲಿಸಿದರು. "ಸಹಾಯ ಮಾಡುತ್ತಿದ್ದೇನೆ ಅಂತಲೇ ಎಣಿಸಿದ್ದೆ."

"ನಾನೂ ಹಾಗೆಯೇ ಎಣಿಸಿ ಶರಬತ್ತು ಕೊಟ್ಟೆ" ಎಂದೆ.

ಮತ್ತೆ ಐನ್ ಖಾಲಿದ್

ನಾಲ್ಕು ದಿನ ರಕ್ತನಾಳಕ್ಕೆ ಔಷಧಿ ಹೋಯಿತು. ಐದನೆಯ ದಿನ ಅಕ್ಕ ಮನೆಗೆ ಬಂದಳು. ಆ ನಡುವೆ ಹಿಲ್ಕಾ ಮಣ್ಣಿನ ಚೀಲ ತಂದಿದ್ದಳು. ಆಸ್ಪತ್ರೆಯಿಂದ ಬಂದು ಮನಸ್ಸು ನಿಲ್ಲದ ಸಂಜೆಗಳಲ್ಲಿ ನಾನು ಐದೂ ಗಿಡಗಳ ಬೇರಿನ ಹಳೆಯ ಮಣ್ಣು ಬಿಡಿಸಿ, ಅಗಲವಾದ ಕುಂಡಗಳಿಗೆ ಹಾಕಿ, ಎಸಿ ನೀರು ಹನಿಸಿದೆ. ಒಂದು ಸತ್ತಿತು. ನಾಲ್ಕು ಫ್ರಿಜ್ಜಿಗೆ ಮರಳಿದವು.

ಅಕ್ಕನ ಪರಿಚಯದ ತುಳು, ಕನ್ನಡದ ಕುಟುಂಬಗಳು ತಿಂಗಳಿಗೊಂದು ಶುಕ್ರವಾರ ಒಬ್ಬೊಬ್ಬರ ಮನೆಯಲ್ಲಿ ಸೇರುತ್ತವೆ. ನಾನು ಹೊರಡುವ ವಾರ ಅಕ್ಕನ ಸರದಿ. ಮುಂದೂಡೋಣ ಎಂದರೆ ಅವಳು ಒಪ್ಪಲಿಲ್ಲ. ಹಿಲ್ಕಾ ಸಕ್ಕರೆ ಕಡಿಮೆ ಹಾಕಿ ಆ ಗುಲಾಬಿ ಸಜ್ಜಿಗೆ ಕಡೆದು ತಂದಳು. ಊಟವಾಗಿ ಗಂಡಸರು ಹಾಲ್‌ನಲ್ಲಿ ಉಳಿದರು. ಹೆಂಗಸರು ಆರು ಮಂದಿ ಒಳಕೋಣೆಯಲ್ಲಿ ಬಟ್ಟಲು ಹಿಡಿದು ಕುಳಿತೆವು.

ಪಡುಬಿದ್ರಿಯ ರೇವತಿ ಎಂಬಾಕೆ ಚಮಚ ನೆಕ್ಕುತ್ತ, "ಶಾರದಕ್ಕ, ನೀವು ಹೇಳಿದಿರಿ ಅಂತ ನಾನೂ ಈ ಹಣ್ಣಿನ ಬಾಟಲಿ ತಂದೆ. ಚರ್ಮಕ್ಕೆ ಒಳ್ಳೆಯದು ಅಂದಿರಿ. ಎರಡು ತಿಂಗಳಾಯಿತು, ನನ್ನ ಮುಖದಲ್ಲಿ ಎಂತದೂ ಕಾಣುವುದಿಲ್ಲ" ಎಂದಳು. ಇನ್ನೊಬ್ಬರು ನಕ್ಕರು. ಅವರೂ ತಂದಿದ್ದರಂತೆ.

ಅಕ್ಕ ಬಟ್ಟಲನ್ನು ಕೆಳಗಿಟ್ಟಳು.

"ಚರ್ಮಕ್ಕೆ ಅಂತ ನಾನು ಸುಳ್ಳು ಹೇಳಿದ್ದು. ನನಗೆ ಇದ್ದದ್ದು ಮೂತ್ರದ ಸೋಂಕು. ಬಾಯಿಬಿಟ್ಟು ಹೇಳಲಿಕ್ಕೆ ನಾಚಿಕೆ ಆಯಿತು. ಕಿಡ್ನಿಗೆ ಹೋಗಿ, ನಾಲ್ಕು ದಿನ ಆಸ್ಪತ್ರೆಯಲ್ಲಿದ್ದೆ. ಊರಿಗೆಲ್ಲ ಜ್ವರ ಅಂತ ಹೇಳಿಸಿದ್ದೇನೆ. ಬರೀ ಜ್ವರ ಅಲ್ಲ."

ಗಂಡಸರ ಕಡೆಯಿಂದ ಕ್ರಿಕೆಟ್ಟಿನ ಸದ್ದು ಕೇಳುತ್ತಿತ್ತು. ಆ ಮೌನ ಮುರಿಯಲೆಂದು ನಾನೇ ಏನಾದರೂ ಹೇಳಹೊರಟೆ. ಹಿಲ್ಕಾ ನನ್ನ ಮೊಣಕೈ ಮುಟ್ಟಿದಳು. ಭಾಷೆ ತಿಳಿಯದಿದ್ದರೂ ಅವಳು ಕಾಯುತ್ತಿದ್ದಳು. ನಾನೂ ಕಾದೆ.

"ಆ ಡಾಕ್ಟರು ಹೆಂಗಸಾ?" ರೇವತಿ ಕೇಳಿದಳು. ಅವಳ ದನಿ ಬದಲಾಗಿತ್ತು.

"ಹೌದು. ಗಂಡನನ್ನು ಹೊರಗೆ ಕಳಿಸಿ ಮಾತಾಡುತ್ತಾರೆ."

"ನನಗೆ ಅವರ ಹೆಸರು ಬರೆದುಕೊಡಿ."

ಖಾಲಿ ಬಟ್ಟಲುಗಳನ್ನು ಒಟ್ಟುಮಾಡಿ ನಾನು ಅಡುಗೆಮನೆಗೆ ಹೋದೆ. ತಿರುಗಿ ಬರುವಷ್ಟರಲ್ಲಿ ಯಾರೋ ಹಾಲ್‌ನ ಕಡೆಯ ಬಾಗಿಲು ಮುಚ್ಚಿದ್ದರು. ಎಲ್ಲರ ಕುರ್ಚಿಗಳೂ ಅಕ್ಕನ ಹತ್ತಿರಕ್ಕೆ ಸರಿದಿದ್ದವು. ನಾನೂ ನನ್ನದನ್ನು ಎಳೆದುಕೊಂಡೆ.